ಡಾಮ್‌ಟೋರ್‌ನ ಕಲ್ಲು, ನನ್ನ ಹಳೇ ಕ್ಯಾಸೆಟ್ಟು

ಪುಟ್ಟೀ,

ನಿನ್ನೆ ಹ್ಯಾಂಬರ್ಗಿನಿಂದ ಫೋನ್ ಮಾಡಿ ಕೇಳಿದೆಯಲ್ಲ, "ಡಾಮ್‌ಟೋರ್ ಸ್ಟೇಷನ್ ಹತ್ರ ಸೈನಿಕರನ್ನ ಕೆತ್ತಿರೋ ದೊಡ್ಡ ಕಲ್ಲಿದೆಯಲ್ಲಮ್ಮ, ಅದೇನು?" ಅಂತ. ಫೋನಿಟ್ಟವಳೇ ಅಟ್ಟದಿಂದ ಟ್ರಂಕ್ ಇಳಿಸಿ ನನ್ನ ಕ್ಯಾಸೆಟ್ ಹುಡುಕಿದೆ. ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲವಾಗಿದೆ. ಹಾಡುವವನು ನಿದ್ದೆಗಣ್ಣಲ್ಲಿ ಬೈದ ಹಾಗೆ ಕೇಳಿಸುತ್ತೆ. ನಿಮ್ಮಪ್ಪ ಪೇಪರ್ ಮಡಚಿಕೊಂಡು ಜಗಲಿಗೆ ಹೋದರು.

ಅದು ಹ್ಯಾಂಬರ್ಗಿನ ಪಂಕ್ ಬ್ಯಾಂಡ್ ಸ್ಲೈಮ್‌ನ ಮೊದಲ ಆಲ್ಬಂ, 1981ರದ್ದು. ಸ್ಲೈಮ್ ಅಂದ್ರೆ ಲೋಳೆ. ಬೇರೆ ಹೆಸರೇ ಸಿಗಲಿಲ್ಲವೇನೋ! ನಾನು ಅಲ್ಲಿ ಓದುತ್ತಿದ್ದಾಗ, 1992ರ ಚಳಿಗಾಲದಲ್ಲಿ, ಹಾಸ್ಟೆಲಿನ ಪಕ್ಕದ ರೂಮಿನವಳು ಕಾಪಿ ಮಾಡಿಕೊಟ್ಟಿದ್ದು. ಆ ನವೆಂಬರ್ 23ರ ನಡುರಾತ್ರಿ, ಹ್ಯಾಂಬರ್ಗಿನಿಂದ ಸುಮಾರು 50 ಕಿ.ಮೀ. ದೂರದ ಮ್ಯೋಲ್ನ್‌ನಲ್ಲಿ, ತುರ್ಕಿ ಕುಟುಂಬಗಳಿದ್ದ ಮನೆಗಳಿಗೆ ಇಬ್ಬರು ನವನಾಜಿಗಳು ಬೆಂಕಿ ಹಚ್ಚಿದರು. 51ರ ಅಜ್ಜಿ, 10 ಮತ್ತು 14ರ ಇಬ್ಬರು ಹುಡುಗಿಯರು ಸತ್ತರು. ಆಮೇಲೆ ನಾನು ಎಸ್-ಬಾನಿನಲ್ಲಿ, ಅಂದ್ರೆ ಅಲ್ಲಿನ ಲೋಕಲ್ ಟ್ರೈನಿನಲ್ಲಿ, ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ, ಬಾಗಿಲ ಪಕ್ಕವೇ ನಿಲ್ಲುತ್ತಿದ್ದೆ.

ಅಂಥಾ ಹೊತ್ತಲ್ಲಿ ಈ ಹಾಡು: "ಜರ್ಮನಿ ಸಾಯಬೇಕು, ನಾವು ಬದುಕೋಕೆ." ವೀಸಾ ಮೇಲೆ ಬಂದವಳು, ಯಾರಾದ್ರೂ ಕೇಳಿಸಿಕೊಂಡರೆ ಅಂತ ವಾಲ್ಯೂಮ್ ತಗ್ಗಿಸಿದೆ. ಅವಳು ನಕ್ಕುಬಿಟ್ಟಳು. ಮಾರನೇ ದಿನ ನನ್ನನ್ನ ಕರಕೊಂಡು ಹೋಗಿ ಆ ಕಲ್ಲಿನ ಮುಂದೆ ನಿಲ್ಲಿಸಿದಳು. 76ನೇ ರೆಜಿಮೆಂಟಿನ ಸ್ಮಾರಕ, ಹಿಟ್ಲರ್ ಕಾಲದಲ್ಲಿ, 1936ರಲ್ಲಿ ಕಟ್ಟಿದ್ದು. ನಾಲ್ಕು ನಾಲ್ಕು ಜನರ ಸಾಲು, ಎಲ್ಲರದ್ದೂ ಒಂದೇ ಅಚ್ಚಿನ ಮುಖ. ಬರೆದಿರೋದು: "ಜರ್ಮನಿ ಬದುಕಬೇಕು, ನಾವು ಸಾಯಬೇಕಾಗಿ ಬಂದರೂ." 1914ರ ಒಂದು ಕವಿತೆಯ ಸಾಲಂತೆ. ಈ ಹುಡುಗರು ಅದನ್ನ ಅಂಗಿ ತಿರುವಿ ಹಾಕಿಕೊಂಡ ಹಾಗೆ ತಿರುವಿದ್ದರು, ಅಷ್ಟೇ. ಚಳಿಯಲ್ಲಿ ನಿಂತು ನಾನೂ ನಕ್ಕೆ.

ನಿನ್ನೆ ಎರಡೂ ಬದಿ ಕೇಳಿದೆ. ಡ್ರಮ್ಮು ಒಂದೇ ಸಮ ಖಾರ ಕುಟ್ಟಿದ ಹಾಗೆ. ಪೊಲೀಸರನ್ನ ಹಿಟ್ಲರನ ಎಸ್‌ಎಸ್ ಪಡೆಗೆ ಹೋಲಿಸೋ ಹಾಡಿದೆಯಲ್ಲ, ಆಗ ಅದಕ್ಕೂ ತಲೆದೂಗಿದ್ದೆ. ಎಸ್‌ಎಸ್ ಏನೇನು ಮಾಡಿತ್ತು ಅಂತ ಓದಿದ ಮೇಲೆ ಅದು ಬರೀ ಹುಡುಗುಮಾತು ಅನ್ನಿಸುತ್ತೆ. ಆದರೆ ಈ ತಿರುವಿದ ಸಾಲು ಮಾತ್ರ ಹಾಗೇ ಇದೆ, ಮೊನೆ ಮೊಂಡಾಗಿಲ್ಲ. ಬರ್ಲಿನ್ನಿನ ಒಂದು ಸಭೆಯಲ್ಲಿ ಈ ಹಾಡು ಹಾಕಿದ್ದಕ್ಕೆ, ದೇಶಕ್ಕೆ ಅವಮಾನ ಅಂತ ಒಬ್ಬನಿಗೆ ಶಿಕ್ಷೆಯಾಗಿತ್ತು. 2000ದಲ್ಲಿ ಅವರ ಸಂವಿಧಾನ ನ್ಯಾಯಾಲಯ, ಇದು ಕಲೆ ಅಂತ ಶಿಕ್ಷೆ ತಳ್ಳಿಹಾಕಿತು. ತೀರ್ಪಿನಲ್ಲಿ ಜರ್ಮನ್ ಕವಿ ಹೈನೆಯ ನೇಕಾರರ ಕವಿತೆಯನ್ನೂ ನೆನೆಸಿಕೊಂಡರು. ಅದರಲ್ಲಿ ಹಸಿದ ನೇಕಾರರು ಜರ್ಮನಿಗೇ ಹೆಣದ ಬಟ್ಟೆ ನೇಯುತ್ತಾರೆ. ಜಡ್ಜುಗಳು ಕೂತು ಲೋಳೆ ಬ್ಯಾಂಡಿನ ಹಾಡು ಓದಿದ್ದನ್ನ ನೆನೆದರೆ ಈಗಲೂ ಖುಷಿ ನನಗೆ.

ಕ್ಲಾಸ್ ಮುಗಿಸಿ ಬರುವಾಗ ಒಂದು ಫೋಟೋ ತೆಗೆದು ಕಳಿಸು, ಅಕ್ಷರ ಕಾಣೋ ಹಾಗೆ. ಪಕ್ಕದಲ್ಲೇ ಹರ್ಡ್ಲಿಚ್ಕ ಅನ್ನೋ ಶಿಲ್ಪಿ 1980ರ ದಶಕದಲ್ಲಿ ಆ ಕಲ್ಲಿಗೆ ಉತ್ತರವಾಗಿ ಮಾಡಿದ ಸ್ಮಾರಕ ಇದೆ, ನಾಲ್ಕು ಭಾಗ ಆಗಬೇಕಿದ್ದದ್ದು ಎರಡಕ್ಕೇ ನಿಂತಿತು. ಅದರದ್ದೂ ಒಂದು.

ಎಸ್-ಬಾನಿನಲ್ಲಿ ನೀನು ಎಲ್ಲಿ ಕೂರ್ತೀಯ? ಸುಮ್ಮನೆ ಕೇಳಿದೆ.

ನಿನ್ನ
ಅಮ್ಮ