ಮಗಳಿಗೊಂದು ಪತ್ರ: ಮಿಶನ್ ಶಾಲೆಯ ವಯಸ್ಸು

ಪ್ರೀತಿಯ ಮಗಳೇ,

ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದೆಯಲ್ಲ, ಗೋಡೆಯ ಕಲ್ಲಿನಲ್ಲಿ ಕೆತ್ತಿದ ಇಸವಿಯನ್ನು ನಂಬಿ ಹೊರಡಬೇಡ. ಕಲ್ಲು ಹೇಳುವುದು ಕಟ್ಟಡದ ವಯಸ್ಸು. ಪಾಠ ಅದಕ್ಕೂ ಮೊದಲೇ ಚರ್ಚಿನ ಜಗಲಿಯಲ್ಲೋ ಉಪದೇಶಿಯ (ಊರಲ್ಲಿ ಧರ್ಮಬೋಧನೆ ಮಾಡುತ್ತಿದ್ದವರ) ಮನೆಯಲ್ಲೋ ಶುರುವಾಗಿರಬಹುದು. ಸರ್ಕಾರದ ಮಾನ್ಯತೆ ಸಿಕ್ಕಿದ್ದು ಇನ್ನೊಂದೇ ವರ್ಷ ಇರಬಹುದು. ಮೂರನ್ನೂ ಬೇರೆ ಬೇರೆಯಾಗಿ ಬರೆ.

ಮೊದಲು ದಾಖಲಾತಿ ಪುಸ್ತಕ ತೆಗೆ. ಹೊಸ ಪುಸ್ತಕದ ಕ್ರಮಸಂಖ್ಯೆ ಹಳೆಯದರಿಂದ ಮುಂದುವರಿದಿದೆಯೇ, ಒಂದರಿಂದ ಶುರುವಾಗಿದೆಯೇ ನೋಡು. ಮೊದಲ ಪುಟದಲ್ಲೇ 412 ಅಂತಿದ್ದರೆ ಅದಕ್ಕೂ ಹಿಂದೆ ಇನ್ನೊಂದು ಪುಸ್ತಕ ಇತ್ತು ಎಂದೇ ಅರ್ಥ. ಜನ್ಮದಿನದ ಕಾಲಮ್ಮಿನಲ್ಲಿ ಸಾಲುಸಾಲಾಗಿ ಜೂನ್ 1 ಕಂಡರೆ ಬೆಚ್ಚಬೇಡ, ಮೇಷ್ಟ್ರು ಅಂದಾಜಿನಲ್ಲಿ ಹಾಕಿದ್ದು. ಶಾಲೆ ಬಿಟ್ಟ ಕಾರಣದ ಕಾಲಮ್ಮನ್ನು ಮಾತ್ರ ಸಾಲು ಬಿಡದೆ ಓದು. ಊರಿನ ನಿಜವಾದ ಚರಿತ್ರೆ ಅಲ್ಲಿದೆ.

ಹಾಜರಿಯನ್ನು ಎಚ್ಚರದಿಂದ ನೋಡು, ಅನುದಾನಕ್ಕಾಗಿ ಏರಿಸಿ ಬರೆದಿರಬಹುದು. 1854ರ ವುಡ್ಸ್ ಡಿಸ್ಪ್ಯಾಚ್ (ಭಾರತದ ಶಿಕ್ಷಣದ ಬಗ್ಗೆ ಇಂಗ್ಲೆಂಡಿನಿಂದ ಬಂದ ಆದೇಶಪತ್ರ) ಆದ ಮೇಲೆ ಮಿಶನ್ ಶಾಲೆಗಳಿಗೂ ಅನುದಾನದ ದಾರಿ ತೆರೆಯಿತು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿಯೂ ಇತ್ತು. ಇನ್‌ಸ್ಪೆಕ್ಟರು ಬರುವ ತಿಂಗಳು ಹಾಜರಿ ಏರಿ, ನಾಟಿಯ ತಿಂಗಳು ಇಳಿದಿದ್ದರೆ ಯಾವುದು ಸಹಜ ಲೆಕ್ಕ ಎಂದು ನೀನೇ ಯೋಚಿಸು. ಜಮೀನಿನ ಕಾಗದದಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಬರೆದಿದ್ದರೆ 590 ಕೂಡಿಸು: ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ವರದಿಗಳು ಬಾಸೆಲ್‌ನ ದಾಖಲೆ ಕೇಂದ್ರದಲ್ಲಿವೆ. ಹಳೆಯ ಜರ್ಮನ್ ಕೈಬರಹ, ಈಗಿನ ಜರ್ಮನ್ ಕಲಿತವರಿಗೂ ಸುಲಭಕ್ಕೆ ಬಗ್ಗದು. 1914ರಲ್ಲಿ ಶುರುವಾದ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಇಲ್ಲಿದ್ದ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟರು. ಆ ವರ್ಷಗಳ ಪತ್ರ ಸಿಗಲಿಲ್ಲವೆಂದು ಶಾಲೆ ಮುಚ್ಚಿತ್ತು ಅಂತ ಮಾತ್ರ ಬರೆದುಬಿಡಬೇಡ. ಸ್ಥಳೀಯ ಮೇಷ್ಟ್ರೇ ನಡೆಸಿರಬಹುದು. ಚರ್ಚ್ ಸಭೆಯ ಖರ್ಚಿನ ಪುಸ್ತಕದಲ್ಲಿ ಅವರ ಸಂಬಳದ ಸಾಲು ಹುಡುಕು.

ಮಾಸಿದ ಶಾಯಿಗೆ ಬೆಳಕನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆ. ಹರಿದ ಹಾಳೆಗೆ ಟೇಪು ಅಂಟಿಸಬೇಡ, ಲ್ಯಾಮಿನೇಟಂತೂ ಬೇಡವೇ ಬೇಡ. ಪುಸ್ತಕದ ಪೆಟ್ಟಿಗೆಯನ್ನು ಮಳೆ ನಿಂತ ಮೇಲೆ ಬಿಚ್ಚು.

ನಿನ್ನ ಅಪ್ಪ