ಅಣ್ಣಾವ್ರ ಹಾಡು, ಯೋಗವೂ ಬರಲಿ

ಮಾನ್ಯ ಸಂಪಾದಕರೇ,

ಏಪ್ರಿಲ್ 24 ಬಂದರೆ ಸಾಕು, ಡಾ. ರಾಜ್‌ಕುಮಾರ್ ಬಗ್ಗೆ ಅದೇ ಚಿತ್ರಗಳ ಪಟ್ಟಿ, ಅದೇ ಪ್ರಶಸ್ತಿಗಳು. ತೆರೆಯಾಚೆಯ ಅಣ್ಣಾವ್ರು ಇನ್ನೂ ಸ್ವಾರಸ್ಯ, ಅಲ್ವಾ?

ಅವರ ಹಾಡುಗಾರಿಕೆಯನ್ನೇ ನೋಡಿ. ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಅವರ ದನಿಗೆ ತುಟಿ ಆಡಿಸಿದವರು, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ತಮ್ಮದೇ ದನಿಯಲ್ಲಿ ಹಾಡಿದರು. ಆಮೇಲೆ ಜನ ಬಿಟ್ಟರೇ? ‘ಜೀವನ ಚೈತ್ರ’ದ ‘ನಾದಮಯ’ಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು, ಅದೂ ಗಾಯನಕ್ಕೆ! ನಾಟಕ ಕಂಪನಿಯಲ್ಲಿ ಪಳಗಿದ ಗಂಟಲು, ಸುಮ್ನೆ ಬಂದದ್ದಲ್ಲ. ಸಿನಿಮಾ ಬಿಟ್ಟು ರಾಯರ ಭಕ್ತಿಗೀತೆಗಳನ್ನೂ ಹಾಡಿದರು.

ಯೋಗದ ಹುಚ್ಚೂ ಜಾಸ್ತಿ. ‘ಕಾಮನಬಿಲ್ಲು’ ಶುರುವಿನಲ್ಲಿ ಅವರು ಹಾಕುವ ಆಸನಗಳನ್ನು ನೋಡಿ. ಆಗ ವಯಸ್ಸು ಐವತ್ತು ದಾಟಿತ್ತು.

ಮನೆಯಲ್ಲಿ ಚಿತ್ರ ನಿರ್ಮಾಣದ ಹೊಣೆ ಪತ್ನಿ ಪಾರ್ವತಮ್ಮನವರದು. ಕಥೆ ಆರಿಸುವುದರಲ್ಲಿ ಅಣ್ಣಾವ್ರ ತಮ್ಮ ವರದಪ್ಪನವರ ಮಾತಿಗೆ ತೂಕ. ಹೀರೋ ಮಾತ್ರ ಇವರು!

ಮುಂದಿನ ಹುಟ್ಟುಹಬ್ಬಕ್ಕೆ ಪಟ್ಟಿ ಬಿಟ್ಟು, ಅವರ ಜೊತೆ ನುಡಿಸಿದ ವಾದ್ಯಗಾರರನ್ನು ಮಾತಾಡಿಸಿ ಒಂದು ಪುಟ ಕೊಡಿ.

— ಓದುಗ, ಮೈಸೂರು