ಪಿಆರ್ ಕೆಲಸಕ್ಕೆ ಸೇರುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಪಿಆರ್‌ನಲ್ಲಿ, ಅಂದರೆ ಸಾರ್ವಜನಿಕ ಸಂಪರ್ಕದಲ್ಲಿ, ಕೆಲಸ ಸಿಕ್ಕಿತು ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. "ಇವಳಿಗೆ ಮಾತು ಚೆನ್ನಾಗಿ ಬರುತ್ತೆ, ಪಿಆರ್‌ಗೆ ಹೇಳಿ ಮಾಡಿಸಿದ ಹಾಗಿದ್ದಾಳೆ" ಅಂತ ಎಲ್ಲರೂ ಅನ್ನುತ್ತಿದ್ದಾರಂತೆ. ಅದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡ. ನಾನು ಇಷ್ಟು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಿಮ್ಮಂಥವರು ಕಳಿಸಿದ್ದನ್ನೇ ಓದಿ, ತಿದ್ದಿ, ಬಹುಪಾಲನ್ನು ಕಸದ ಬುಟ್ಟಿಗೆ ಹಾಕಿದವಳು. ಚೆನ್ನಾಗಿ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ ಕಣೇ. ತಮ್ಮ ಆಫೀಸಿನೊಳಗೇ ಓಡಾಡಿ, ಕೇಳಿದ್ದನ್ನೇ ಕೇಳಿ ಬೈಸಿಕೊಂಡು, ವಿಷಯ ಖಚಿತ ಮಾಡಿಕೊಂಡು ಬರುವವರು ಅಪರೂಪ. ನಿನ್ನ ಅರ್ಧಕ್ಕಿಂತ ಹೆಚ್ಚು ಕೆಲಸ ಇರುವುದು ಅಲ್ಲೇ.

ಒಂದು ಪ್ರೆಸ್ ನೋಟ್, ಅಂದರೆ ಸಂಸ್ಥೆಯವರು ತಮ್ಮ ಸುದ್ದಿ ಬರೆದು ಪತ್ರಿಕೆಗೆ ಕಳಿಸುವ ಹಾಳೆ, ನಮ್ಮ ಕೈಗೆ ಹೇಗೆ ಬರುತ್ತೆ ಅಂತ ಹೇಳುತ್ತೇನೆ. ಮೊದಲ ಸಾಲಿನಲ್ಲೇ "ಅತ್ಯಂತ ಹರ್ಷದಿಂದ ತಿಳಿಸುತ್ತೇವೆ". ಆಮೇಲೆ "ಮುಂಚೂಣಿಯ", "ವಿನೂತನ", "ಮೈಲಿಗಲ್ಲು". ಯಾರು ಏನು ಮಾಡಿದರು ಅನ್ನೋದು ಮೂರನೇ ಪ್ಯಾರಾದಲ್ಲಿ ಅಡಗಿ ಕೂತಿರುತ್ತೆ, ಕಾರ್ಯಕ್ರಮದ ದಿನಾಂಕ ಎಲ್ಲೂ ಇರುವುದಿಲ್ಲ. ಫೋಟೋದಲ್ಲಿ ಐದು ಜನ ನಿಂತಿರುತ್ತಾರೆ, ಅಡಿಬರಹದಲ್ಲಿ ನಾಲ್ಕೇ ಹೆಸರು, ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ದೇವರಿಗೇ ಗೊತ್ತು. ಕೇಳೋಣ ಅಂತ ಕೆಳಗಿರುವ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಪುಟ ಮುಗಿಸುವ ಗಡಿಬಿಡಿಯಲ್ಲಿ ಇರುವವರು ಇನ್ನೇನು ಮಾಡ್ತಾರೆ ಹೇಳು, ಬದಿಗೆ ಸರಿಸಿ ಮುಂದಿನದಕ್ಕೆ ಹೋಗ್ತಾರೆ. ನೀನು ಬರೆಯುವಾಗ ಮುಖ್ಯ ಸುದ್ದಿಯನ್ನು ಮೊದಲ ಎರಡು ಸಾಲಿನಲ್ಲೇ ಹೇಳಿಬಿಡು. ಹೆಸರು, ಇನಿಷಿಯಲ್, ಹುದ್ದೆ ಎಲ್ಲವನ್ನೂ ಆಯಾ ಮನುಷ್ಯರ ಹತ್ತಿರವೇ ಕೇಳಿ ಖಚಿತ ಮಾಡಿಕೋ. ಪ್ರೆಸ್ ನೋಟ್ ಹೋದ ದಿನ ಫೋನ್ ನಿನ್ನ ಕೈಯಲ್ಲೇ ಇರಲಿ.

ಈ ವೃತ್ತಿಯ ಹಿರಿಯರಲ್ಲಿ ಐವಿ ಲೀ ಅಂತ ಒಬ್ಬ ಅಮೆರಿಕದವನಿದ್ದ, ಕಾಲೇಜಿನಲ್ಲಿ ಓದಿರುತ್ತೀಯ. 1906ರಲ್ಲಿ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ಮುಚ್ಚಿಹಾಕುವುದೇ ಆಗಿನ ರೈಲ್ವೆ ಕಂಪನಿಗಳ ರೂಢಿ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ಪರವಾಗಿ ಕೆಲಸ ಮಾಡುತ್ತಿದ್ದ ಲೀ, ನಡೆದದ್ದನ್ನು ತಾನೇ ಬರೆದು ಪತ್ರಿಕೆಗಳಿಗೆ ಕೊಟ್ಟ, ವರದಿಗಾರರು ಆ ಜಾಗಕ್ಕೆ ಹೋಗಿ ನೋಡಲಿ ಅಂತ ಏರ್ಪಾಟು ಮಾಡಿದ. ಅದೇ ಮೊದಲ ಪ್ರೆಸ್ ನೋಟ್ ಅಂತ ಹಲವರು ಹೇಳುತ್ತಾರೆ. ಪಾಠ ಮಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದೇ ಲೀ 1914ರಲ್ಲಿ ಕೊಲೊರಾಡೊದ ಕಲ್ಲಿದ್ದಲು ಗಣಿ ಮುಷ್ಕರದ ಸಮಯದಲ್ಲಿ, ಗಣಿ ಕಂಪನಿಯಲ್ಲಿ ದೊಡ್ಡ ಪಾಲಿದ್ದ ರಾಕ್‌ಫೆಲರ್ ಕುಟುಂಬಕ್ಕೆ ಕೆಲಸ ಮಾಡಿದ. ಲಡ್ಲೋ ಅನ್ನುವಲ್ಲಿ ಮುಷ್ಕರ ಹೂಡಿದ್ದವರ ಡೇರೆಗಳಿಗೆ ಬೆಂಕಿ ಬಿದ್ದು ಹೆಂಗಸರು, ಮಕ್ಕಳು ಸತ್ತಿದ್ದರು. ಆಗ ಇವನು ಹಂಚಿದ ಕರಪತ್ರಗಳಲ್ಲಿ ಸುಳ್ಳು ತುಂಬಿತ್ತು, ಮುಷ್ಕರದ ಮುಖಂಡರ ಸಂಬಳವನ್ನೇ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸಿದ್ದ. ವಿಚಾರಣೆಗೆ ಕರೆದು, ಇದು ನಿಜವೋ ಅಲ್ಲವೋ ಅಂತ ಪರೀಕ್ಷಿಸಿದ್ದೀಯಾ ಎಂದು ಕೇಳಿದಾಗ ಇಲ್ಲ ಅಂದ. ಗಣಿ ಕಂಪನಿಯವರು ಕೊಟ್ಟಿದ್ದನ್ನು ಹಾಗೇ ಬರೆದಿದ್ದ ಅಷ್ಟೆ.

ಅವನ ಜಾಣತನ ಎರಡೂ ಕಡೆ ಒಂದೇ ಇತ್ತು ನೋಡು. ಆದರೆ ಕೊಲೊರಾಡೊ ವಿಷಯದಲ್ಲಿ, ಬರೆಯುವ ಮೊದಲು ವಿಚಾರಿಸಿ ನೋಡಲಿಲ್ಲ. ನಾಳೆ ನಿನ್ನ ಮೇಜಿಗೂ ಹೀಗೇ ಒಂದು ಅಂಕಿ ಬಂದು ಬೀಳುತ್ತೆ. "ಎಲ್ಲಿಂದ ಬಂತು ಸಾರ್ ಇದು? ಯಾವ ವರ್ಷದ್ದು? ಯಾರು ಲೆಕ್ಕ ಹಾಕಿದ್ದು?" ಅಂತ ಕೇಳು. ಹೊಸಬಳು ನೀನು, ದಡ್ಡ ಪ್ರಶ್ನೆ ಕೇಳಲು ಈಗಲೇ ಒಳ್ಳೆಯ ಕಾಲ, ಯಾರೂ ತಪ್ಪು ತಿಳಿಯಲ್ಲ. ಮೇಲಿನವರು ಸುಳ್ಳನ್ನೋ ಅರ್ಧ ಸತ್ಯವನ್ನೋ ಬರಿ ಅಂದರೆ ವಾದಕ್ಕೆ ಇಳಿಯಬೇಡ. "ಈ ಮಾತನ್ನು ಯಾರ ಹೆಸರಿನಲ್ಲಿ ಹಾಕೋಣ?" ಅಂತ ಮೆತ್ತಗೆ ಕೇಳು. ತಮ್ಮ ಹೆಸರು ಅಚ್ಚಾಗುತ್ತೆ ಅಂದ ಕೂಡಲೇ ಎಷ್ಟೋ ಜನ ಆ ಸಾಲನ್ನು ತಾವೇ ಹೊಡೆದು ಹಾಕುತ್ತಾರೆ. ಅದಕ್ಕೂ ಜಗ್ಗದೆ ಬರಿ ಅಂತಲೇ ಕೂತರೆ ಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೋ. ಇನ್ನು ಸುಳ್ಳು ಹೆಸರಿನಲ್ಲಿ ಅಕೌಂಟ್ ಮಾಡಿ ಕ್ಲೈಂಟ್ ಬಗ್ಗೆ ಒಳ್ಳೆ ರಿವ್ಯೂ ಬರಿ ಅಂದರೆ ಮಾಡಲ್ಲ ಅಂತ ನೇರವಾಗಿ ಹೇಳು. ಸಣ್ಣವರ ಕೈಯಲ್ಲಿ ಮಾಡಿಸೋ ಕೆಲಸ ಅದು, ಸಿಕ್ಕಿಬಿದ್ದಾಗ ತಲೆದಂಡ ಕೂಡ ಸಣ್ಣವರದ್ದೇ.

ವರದಿಗಾರರ ವಿಷಯ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು, ಡೆಡ್‌ಲೈನ್ ಎಷ್ಟು ಗಂಟೆಗೆ ಅಂತ ಕೇಳಿಕೋ, ಅದಕ್ಕಿಂತ ಮೊದಲೇ ತಿರುಗಿ ಫೋನ್ ಮಾಡು, ಉತ್ತರ ಸಿಗದಿದ್ದರೂ ಸಿಗಲಿಲ್ಲ ಅಂತ ಹೇಳೋಕಾದರೂ ಮಾಡು. ಇಷ್ಟು ಮಾಡಿದವರ ನಂಬರ್ ನಾವು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ. "ಆಫ್ ದಿ ರೆಕಾರ್ಡ್", ಅಂದರೆ ಈ ಮಾತು ಅಚ್ಚಿಗಲ್ಲ, ಅನ್ನೋದನ್ನು ಬಾಯಿ ಬಿಡುವ ಮೊದಲೇ ಹೇಳಬೇಕು, ಎದುರಿನವರು ಒಪ್ಪಬೇಕು. ಎಲ್ಲಾ ಹೇಳಿ ಆದಮೇಲೆ "ಇದನ್ನ ಬರೀಬೇಡಿ" ಅಂದರೆ ನಡೆಯಲ್ಲ. ಕಾಫಿ ಕುಡಿಯುತ್ತಾ ಆಡಿದ ಮಾತಿಗೂ ಇದೇ ನಿಯಮ. ಒಂದೇ ಮೇಲನ್ನು ಇನ್ನೂರು ಜನಕ್ಕೆ ಕಳಿಸಿ "ಸಿಕ್ಕಿತಾ ಮೇಡಂ, ಯಾವಾಗ ಹಾಕ್ತೀರಾ" ಅಂತ ಫೋನ್ ಮಾಡಬೇಡ, ಕೈಮುಗಿದು ಕೇಳಿಕೊಳ್ಳುತ್ತೇನೆ. ಕ್ರೀಡೆ ಬರೆಯುವವರಿಗೆ ಬ್ಯಾಂಕಿನ ಸುದ್ದಿ ಕಳಿಸುವವರನ್ನು ನೋಡಿ ನೋಡಿ ಸಾಕಾಗಿದೆ. ಐದೇ ಜನಕ್ಕೆ ಕಳಿಸು, ಆದರೆ ಆ ಐದೂ ಜನ ಕಳೆದ ವಾರ ಏನು ಬರೆದಿದ್ದಾರೆ ಅಂತ ಓದಿ ಕಳಿಸು.

ತಿಂಗಳ ಕೊನೆಗೆ ಕವರೇಜ್ ರಿಪೋರ್ಟ್, ಅಂದರೆ ನಿಮ್ಮ ಸುದ್ದಿ ಎಲ್ಲೆಲ್ಲಿ ಬಂತು ಅನ್ನೋ ವರದಿ, ಮಾಡಿಸುತ್ತಾರೆ. ಸುದ್ದಿ ಬಂದ ಜಾಗವನ್ನು ಅಳೆದು, ಅಷ್ಟೇ ಜಾಗದಲ್ಲಿ ಜಾಹೀರಾತು ಹಾಕಿದ್ದರೆ ಎಷ್ಟಾಗುತ್ತಿತ್ತು ಅಂತ ದುಡ್ಡಿನ ಲೆಕ್ಕ ಕಟ್ಟುವ ಪದ್ಧತಿ ಈಗಲೂ ಇದೆ. 2010ರಲ್ಲೇ ಬಾರ್ಸಿಲೋನಾದಲ್ಲಿ ಸೇರಿದ ಈ ವೃತ್ತಿಯವರೇ ಅದು ಪಿಆರ್ ಕೆಲಸದ ಬೆಲೆ ಆಗಲ್ಲ ಅಂತ ಬರೆದಿಟ್ಟಿದ್ದಾರೆ. ನಿನ್ನ ಆಫೀಸಿನಲ್ಲಿ ಕೇಳಿದರೆ ಮಾಡಿಕೊಡು, ಜಗಳ ಬೇಡ. ಜೊತೆಗೆ, ಓದಿದವರಲ್ಲಿ ಏನು ಬದಲಾಯಿತು ಅನ್ನೋದನ್ನೂ ಒಂದು ಪುಟ ಬರೆದು ಸೇರಿಸು: ಎಷ್ಟು ಜನ ವಿಚಾರಿಸಿಕೊಂಡು ಬಂದರು, ಯಾವ ತಪ್ಪು ತಿಳುವಳಿಕೆ ಹೋಯಿತು, ಹೀಗೆ.

ಸಂಬಳ, ಬಟ್ಟೆ, ಪಾರ್ಟಿ ಬಗ್ಗೆ ನಿಮ್ಮಮ್ಮ ಹೇಗೂ ಹೇಳುತ್ತಾಳೆ, ನಾನು ಕೈ ಹಾಕಲ್ಲ.

ಹಾಂ, ಮೊದಲ ಪ್ರೆಸ್ ನೋಟ್ ಬರೆದಾಗ "ಚಿಕ್ಕಮ್ಮ, ಒಂದ್ಸಲ ನೋಡ್ತೀಯಾ" ಅಂತ ನನಗೆ ಕಳಿಸೋ ಯೋಚನೆ ಇದ್ದರೆ ಬಿಟ್ಟುಬಿಡು. ಹೊರಬೀಳದ ಸುದ್ದಿಯನ್ನು ಮನೆಯವರಿಗೂ ತೋರಿಸಬಾರದು, ಅದರಲ್ಲೂ ನಾನು ಪತ್ರಿಕೆಯವಳು. ಅಚ್ಚಾದ ಮೇಲೆ ಕಳಿಸು, ಕೆಂಪು ಪೆನ್ ಹಿಡಿದೇ ಓದುತ್ತೇನೆ.

ಇಂತಿ,
ನಿನ್ನ ಚಿಕ್ಕಮ್ಮ